ಹಗೇವು ಮೂರು ಸಲ ತೆರೆಸಿದವರು

ಸರ್ ತಮ್ಮ ಕೈಯಾರೆ ಬರೆದ ಅವಿಶ್ವಾಸ ಪತ್ರಗಳು, ನನಗೆ ಗೊತ್ತಿರುವ ಮಟ್ಟಿಗೆ, ಏಳು. ಗ್ರಾಮ ಪಂಚಾಯಿತಿ ಅಧ್ಯಕ್ಷರ ಮೇಲೆ ನಾಲ್ಕು, ಹಾಲಿನ ಸಂಘದವರ ಮೇಲೆ ಎರಡು, ಗುಡಿಯ ಕಮಿಟಿಯ ಮೇಲೆ ಒಂದು. ಏಳಕ್ಕೂ ಅದೇ ದುಂಡಗಿನ ಅಕ್ಷರ, ಅದೇ ನೀಲಿ ಶಾಯಿ, ಎಡಗಡೆ ಎರಡು ಬೆರಳಗಲ ಬಿಟ್ಟ ಅಂಚು. ಒಂದರಲ್ಲೂ ಅವರ ಸಹಿ ಇಲ್ಲ. ಕೇಳಿದರೆ, “ನಾ ಬರೇ ಸಲಹಾ ಕೊಡಾಂವ. ನಿರ್ಣಯ ಅವರದು” ಎನ್ನುತ್ತಿದ್ದರು.

ಅವರು ತೀರಿಕೊಂಡು ಇವತ್ತಿಗೆ ಹದಿನೆಂಟು ದಿನ. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸ್ಮರಣ ಸಂಪುಟ ತರುತ್ತಿದ್ದಾರಂತೆ. ಬೈಲಹೊಂಗಲದಿಂದ ಒಬ್ಬರು ಫೋನ್ ಮಾಡಿ, “ನೀವು ಅವರ ಊರಿನವರು, ದಿನಾ ಬರೆದಿಡೋ ರೂಢಿನೂ ಐತಿ. ಎರಡು ಪುಟ ಸವಿನೆನಪು ಕಳಸ್ರಿ” ಎಂದರು. ಐದು ವರ್ಷದ ನೋಟುಪುಸ್ತಕಗಳನ್ನು ತೆಗೆದು ಕೂತೆ. ಸರ್ ಹೆಸರು ತೊಂಬತ್ತಾರು ಕಡೆ ಬರುತ್ತದೆ. ಸವಿ ಎನ್ನಬಹುದಾದವು ಐದಾರು ಸಿಕ್ಕವು. ಅವುಗಳಿಂದ ಎರಡು ಪುಟ ತುಂಬುವುದಿಲ್ಲ. ಹಾಗಾಗಿ ಇದ್ದದ್ದನ್ನು ಬರೆಯುತ್ತಿದ್ದೇನೆ. ಅವರು ಹಾಕಿಕೊಂಡರೆ ಹಾಕಿಕೊಳ್ಳಲಿ.

ಸವದತ್ತಿಯಲ್ಲಿ ಪಿಯುಸಿ ಓದುವಾಗ ಅವರು ನಮಗೆ ರಾಜ್ಯಶಾಸ್ತ್ರ ಕಲಿಸಿದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಶಾಯಿ ಪೆನ್ನು, ಕೈಯಲ್ಲಿ ಸುಣ್ಣದಕಡ್ಡಿ. ಮಾತಿನ ನಡುವೆ ಬಲಗೈಯ ಎರಡು ಬೆರಳೆತ್ತಿ ‘ಎರಡನೆಯ ಅಂಶ’ ಎನ್ನುವರು. ಮೊದಲನೆಯ ಅಂಶ ಯಾವುದೆಂದು ನಮಗೆ ಎಂದೂ ತಿಳಿಯುತ್ತಿರಲಿಲ್ಲ. ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಇದರಲ್ಲಿ ಸುಳ್ಳು ಹೇಳಲಾರೆ. ಅವರಿಗೆ ಅತ್ಯಂತ ಪ್ರಿಯವಾದ ವಿಷಯ ಒಂದಿತ್ತು: ಹಿಂದುಳಿದ ಪ್ರದೇಶಗಳಲ್ಲಿ ರಾಜಕೀಯ ಸ್ಥಿರತೆಗೂ ಆಹಾರ ಭದ್ರತೆಗೂ ಇರುವ ಸಂಬಂಧ. ಪಠ್ಯದಲ್ಲಿ ಇದ್ದರೂ ಇಲ್ಲದಿದ್ದರೂ ಅಲ್ಲಿಗೆ ಬಂದು ಮುಟ್ಟುವರು. ದೂರದ ದೇಶಗಳಲ್ಲಿ ಸರಕಾರ ಬಿದ್ದ ತಿಂಗಳೊಳಗೆ ಪೇಟೆಯಲ್ಲಿ ಹಿಟ್ಟು ಕಾಣೆಯಾಗುವುದನ್ನು ಕಣ್ಣಿಗೆ ಕಟ್ಟುವಂತೆ ಹೇಳುವರು. ಕೊನೆಗೆ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ, “ಕುರ್ಚಿ ಅಲುಗಾಡಿದರೆ ಮೊದಲು ಬರಿದಾಗುವುದು ಖಜಾನೆಯಲ್ಲ, ಕಣಜ” ಎಂದು ಮುಗಿಸುವರು. ಈ ವಾಕ್ಯವನ್ನು ಎರಡು ವರ್ಷಗಳಲ್ಲಿ ಇಪ್ಪತ್ತಮೂರು ಸಲ ಕೇಳಿದ್ದೇನೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು. ಆ ದಿನ ಮನೆಗೆ ಬಂದು ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆ.

ನಿವೃತ್ತರಾದ ಮೇಲೆ ಅವರು ಸವದತ್ತಿಯ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದು ನೆಲೆಸಿದರು. ನಮ್ಮೂರು ಹೂಲಿಯಿಂದ ಆಚೆಗೆ. ಬಸ್ಸು ದಿನಕ್ಕೆ ನಾಲ್ಕು ಸಲ ಬರುತ್ತದೆ. ಇಷ್ಟು ಓದಿದವರು ಊರಲ್ಲಿ ಇನ್ನೊಬ್ಬರಿಲ್ಲ. ಅರ್ಜಿ ಬರೆಸಲು ಜನ ಅವರ ಕಟ್ಟೆಗೆ ಹೋಗತೊಡಗಿದರು. ಅರ್ಜಿಯಿಂದ ತಕರಾರು, ತಕರಾರಿನಿಂದ ಅವಿಶ್ವಾಸ. ಆರು ತಿಂಗಳಲ್ಲಿ, ಸರ್ ಅವರ ಕಟ್ಟೆಗೆ ಬಾರದೆ ಊರಲ್ಲಿ ಯಾರೂ ಅಧ್ಯಕ್ಷರಾಗುವಂತಿರಲಿಲ್ಲ. ಅಧ್ಯಕ್ಷರಾದವರು ಮತ್ತೆ ಆರು ತಿಂಗಳು ಉಳಿಯುವಂತೆಯೂ ಇರಲಿಲ್ಲ.

ಲಂಚ ತಿಂದಿದ್ದರೆ ಕ್ಷಮಿಸಬಹುದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ತಿನ್ನುವವನಿಗೆ ಹೊಟ್ಟೆ ತುಂಬುವ ಒಂದು ಹಂತವಾದರೂ ಇರುತ್ತದೆ. ಸರ್ ಯಾರ ಮನೆಯಲ್ಲೂ ಒಂದು ಕಪ್ ಚಹಾಕ್ಕಿಂತ ಹೆಚ್ಚು ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದು ಎರಡೂ ಪಾರ್ಟಿಯವರು ಬೆಳಗ್ಗೆ ಬಂದು ಕಟ್ಟೆಯ ಕೆಳಗೆ ಚಪ್ಪಲಿ ಬಿಡುವುದು, ಅಷ್ಟೆ. ಆ ಚಪ್ಪಲಿಗಳನ್ನು ನೋಡುವ ಸುಖಕ್ಕಾಗಿ ಊರನ್ನು ಅಲುಗಾಡಿಸಿದರು.

ಒಮ್ಮೆ ಒಂದು ಪಾರ್ಟಿಯವರು ಏಳು ಮಂದಿ ಪಂಚಾಯಿತಿ ಸದಸ್ಯರನ್ನು ಕ್ರೂಸರ್ ಗಾಡಿಯಲ್ಲಿ ತುಂಬಿ ರಾಮದುರ್ಗದ ಕಡೆ ಕರೆದೊಯ್ದರು. ಮತದಾನದವರೆಗೆ ಎದುರಿನವರ ಕೈಗೆ ಸಿಗಬಾರದೆಂದು ತೊರಗಲ್‌ನಲ್ಲಿ ಯಾರದೋ ಬೀಗರ ಮನೆಯಲ್ಲಿ ಮೂರು ದಿನ ಇರಿಸಿದ್ದರು. ಜೊತೆಗೆ ಸರ್ ಕೂಡ ಹೋಗಿದ್ದರು, ಸಲಹೆಗೆಂದು. ಎರಡನೆಯ ದಿನ ಹೊತ್ತು ಹೋಗದೆ ಎಲ್ಲರನ್ನೂ ಕೋಟೆ ಹತ್ತಿಸಿ ಪಾಠ ಮಾಡಿದರಂತೆ. ಹೋಗಿಬಂದ ಸದಸ್ಯರೊಬ್ಬರು ನನಗೆ ಹೇಳಿದ್ದು ಹೀಗಿದೆ:

“ಕ್ವಾಟಿ ಬೀಳೂದು ಫಿರಂಗಿಯಿಂದ ಅಲ್ಲೋ, ಒಳಗಿನ ಮಂದಿ ಒಬ್ಬರನ್ನೊಬ್ಬರು ನಂಬದಾಗ, ಒಳಗಿನ ಕಾಳು ತೀರಿದಾಗ, ಅಂದ್ರು ಸರ. ಭಾಳ ಛಲೋ ಹೇಳಿದ್ರವಾ. ನಮಗ ಬಿಸಲಾಗ ತಲಿ ತಿರುಗಾಕ ಹತ್ತಿತ್ತು. ಹಂಗಾದ್ರ ನಮ್ಮ ಊಟ ಎಷ್ಟಕ್ರಿ ಅಂತ ಕೇಳಿದ್ವಿ.”

“ಏನಂದ್ರು?”

“ಎರಡನೇ ಅಂಶ ಕೇಳ್ರಿ ಅಂದ್ರು.”

ಸರ್ ಮನೆಯಲ್ಲಿ ಮಾತ್ರ ಮೂವತ್ತೈದು ವರ್ಷದಿಂದ ಒಂದೇ ಸರಕಾರ. ಅವರ ಹೆಂಡತಿ ಮಿತಭಾಷಿ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಬಾಗಿಲು. ನಮ್ಮ ಮಹಿಳಾ ಸಂಘದ ಗಂಗವ್ವಕ್ಕ ಹೇಳುತ್ತಿದ್ದಳು: “ಮನ್ಯಾಗ ಅವಿಶ್ವಾಸ ತರಾಕ ಧೈರ್ಯ ಸಾಲಂಗಿಲ್ಲ, ಅದಕ್ಕ ಪಂಚಾಯ್ತ್ಯಾಗ ತರತಾರ.”

ಈ ಗಂಗವ್ವಕ್ಕನ ವಿಷಯ ಹೇಳದೆ ಹಗೇವಿನ ವಿಷಯ ಹೇಳಲಾಗುವುದಿಲ್ಲ. ಹಗೇವಿನ ವಿಷಯ ಹೇಳದೆ ಸರ್ ಎಂಥವರೆಂದು ತಿಳಿಯುವುದಿಲ್ಲ.

ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ನಮ್ಮೂರ ಚಾವಡಿಯ ಅಂಗಳದಲ್ಲಿ ಹಳೆಯದೊಂದು ಕಸ ತುಂಬಿಕೊಂಡು ಬಿದ್ದಿತ್ತು. ಗಂಗವ್ವಕ್ಕ ಅದನ್ನು ತೆಗೆಸಿ ಶುದ್ಧ ಮಾಡಿಸಿದಳು. ಅವಳ ಲೆಕ್ಕ ಸರಳವಾಗಿತ್ತು. ಆಷಾಢ–ಶ್ರಾವಣದಲ್ಲಿ ಕೂಲಿ ಕಡಿಮೆ. ಪಡಿತರದಲ್ಲಿ ಒಂದು ಸರಕಾರ ಜೋಳ ಕೊಡುತ್ತೇನೆನ್ನುತ್ತದೆ, ಇನ್ನೊಂದು ಬಂದು ಅಕ್ಕಿಯೇ ಸಾಕೆನ್ನುತ್ತದೆ. ಅಕ್ಕಿಯಿಂದ ರೊಟ್ಟಿಯಾಗುವುದಿಲ್ಲ. ಅಕ್ಕಿಯೂ ಸಿಗದ ಮನೆಗಳು ಕೆಲವು ಇದ್ದವು. ಕೆಳಗಿನ ಕೇರಿಯ ಯಲ್ಲವ್ವನದು ಅಂಥದ್ದು. ಐವತ್ತು ವರ್ಷ ಕಳೆ ತೆಗೆದು ತೆಗೆದು ಅವಳ ಬೆರಳ ಗೆರೆಗಳು ಸವೆದುಹೋಗಿ, ಪಡಿತರ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ಇಂಥ ಮೂವತ್ತೊಂದು ಮನೆಗಳನ್ನು ನಾನೇ ಪಟ್ಟಿ ಮಾಡಿದೆ. ಹೊಲ ಇದ್ದ ಮನೆಯವರು ಸುಗ್ಗಿಯಲ್ಲಿ ಜೋಳ ಹಾಕಬೇಕು, ಈ ಮನೆಗಳು ಮಳೆಗಾಲದಲ್ಲಿ ಒಯ್ಯಬೇಕು, ಕೂಲಿ ಕುದುರಿದ ಮೇಲೆ ಆದಷ್ಟು ತಿರುಗಿ ಹಾಕಬೇಕು. ಪಂಚಾಯಿತಿಯ ಜಾಗವಾದ್ದರಿಂದ ಅಧ್ಯಕ್ಷರ ಒಪ್ಪಿಗೆ ಪಡೆದೆವು. ಪುಸ್ತಕ ಬರೆಯುವ ಕೆಲಸ ನನ್ನದಾಯಿತು.

ತುಂಬುವ ವಿದ್ಯೆ ಊರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಮೌಲಾಸಾಬ ಎಂಬ ಮುದುಕರಿಗೆ. ಗೋಡೆಗೆ ಕಣಿಕೆ, ಅಂದರೆ ಜೋಳದ ಒಣ ದಂಟು, ಹಚ್ಚಿ, ಹೊಟ್ಟು ಬೇವು ಹಾಕಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಸಿದರು. ತೆರೆಯುವ ದಿನ ಕಲ್ಲು ಸರಿಸಿ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. “ದೀಪ ಆರಿತಂದ್ರ ಮನಷಾನೂ ಆರತಾನ. ಉರೀತಂದ್ರ ಇಳೀಬೌದು.” ಅವರ ಇನ್ನೊಂದು ನಿಯಮ: ಬಾಯಿ ತೆರೆದ ಹಗೇವು ಆ ದಿನವೇ ಬರಿದಾಗಬೇಕು. ತೆರೆದು ನೋಡಿ ಮತ್ತೆ ಮುಚ್ಚುವಂತಿಲ್ಲ. ಮೊದಲ ವರ್ಷ ಹಾಗೆಯೇ ಆಯಿತು. ಮೂವತ್ತೆಂಟು ಚೀಲ ಒಳಗೆ ಹೋಗಿದ್ದವು, ಮೂವತ್ತಾರು ಚೀಲ ತಿನ್ನುವಂಥದ್ದು ಹೊರಗೆ ಬಂತು. ಯಲ್ಲವ್ವ ತನ್ನ ಪಾಲು ತಲೆಯ ಮೇಲೆ ಹೊತ್ತು, “ಇದಕ್ಕ ಹೆಬ್ಬಟ್ಟು ಒತ್ತೂದಿಲ್ಲಲಾ?” ಎಂದು ಕೇಳಿ ನಗಿಸಿದಳು.

ಎರಡನೆಯ ವರ್ಷ ನಲವತ್ತೆರಡು ಚೀಲ ತುಂಬಿದೆವು. ಅದರಲ್ಲಿ ಎರಡು ಸರ್ ಮನೆಯವು, ಊರಲ್ಲೇ ಮೇಲಾದ ಕಾಳು. ತುಂಬಿ ಐದು ವಾರವಾಗಿತ್ತು. ಸರ್ ಬರೆದ ಪತ್ರದಿಂದ ಅಧ್ಯಕ್ಷರು ಬಿದ್ದರು, ಹೊಸಬರು ಬಂದರು. ಹೊಸಬರು ಕಟ್ಟೆಗೆ ಬಂದು, ಮೊದಲು ಏನು ಮಾಡಲಿ ಎಂದು ಕೇಳಿದರು. ಹಿಂದಿನವರ ಕಾಲದ ದಾಸ್ತಾನು ಪರಿಶೀಲಿಸಿ ಪಂಚನಾಮೆ ಮಾಡಿಸಿರಿ ಎಂದರು ಸರ್. ದಾಸ್ತಾನು ಎಂದರೆ ಪಂಚಾಯಿತಿಯಲ್ಲಿ ಇದ್ದದ್ದು ಮುರಿದ ಕುರ್ಚಿಗಳು ಮತ್ತು ಈ ಹಗೇವು.

ಆ ಬೆಳಗ್ಗೆ ಚಾವಡಿಯ ಮುಂದೆ ಮೌಲಾಸಾಬರು ಅಡ್ಡ ನಿಂತರು.

“ಸರ, ಇದು ಬಸುರಿ ಹೊಟ್ಟಿ ಇದ್ದಂಗ. ದಿನ ತುಂಬೂ ಮೊದಲ ಒಳಗ ಏನೈತಿ ನೋಡೂಣಂತ ತಗದ್ರ ಹೆಂಗ್ರಿ?”

“ಮೌಲಾಸಾಬ, ನಿಮ್ಮ ಮ್ಯಾಲ ನಂಬಿಕಿ ಇಲ್ಲಂತಲ್ಲ. ಆದರ ಆಡಳಿತ ಬದಲಾದಾಗ ದಾಖಲಿ ಇರಬೇಕು.”

“ಜ್ವಾಳಕ್ಕ ದಾಖಲಿ ತಿಳಿಯಂಗಿಲ್ರಿ ಸರ. ಗಾಳಿ ಅಷ್ಟ ತಿಳೀತೈತಿ.”

ನೆರೆದವರು ನಕ್ಕರು. ಸರ್ ಕೂಡ ನಕ್ಕರು. ನಕ್ಕು, ಕಲ್ಲು ಸರಿಸಲು ಹೇಳಿದರು. ಬಿದಿರ ಗಳ ಇಳಿಸಿ ಆಳ ಅಳೆದರು, ಫೋಟೊ ತೆಗೆದರು. ಪಂಚನಾಮೆ ಬರೆಯುವವರು ಯಾರು ಎಂದಾಗ ಸರ್ ನನ್ನತ್ತ ತಿರುಗಿ, “ನಮ್ಮ ಹುಡುಗಿ ಬರೀತಾಳ. ಅಕ್ಷರ ಮುತ್ತಿನಂಗ ಅದಾವ” ಎಂದರು. ನಾನು ಬರೆದೆ. ಹಿಗ್ಗಿನಿಂದ ಬರೆದೆ. ಎಡಗಡೆ ಎರಡು ಬೆರಳಗಲ ಅಂಚು ಬಿಟ್ಟೆ. ಒಂದು ಕಾಳೂ ಕಡಿಮೆಯಾಗಿರಲಿಲ್ಲ. ಸಂಜೆ ಮತ್ತೆ ಮುಚ್ಚಿ ಮಣ್ಣು ಮೆತ್ತಿದರು. ಮೌಲಾಸಾಬರು ಆ ಮಣ್ಣಿಗೆ ಕೈ ಹಚ್ಚಲಿಲ್ಲ.

ಎರಡನೆಯ ಅಧ್ಯಕ್ಷರು ಎರಡು ತಿಂಗಳು ಇದ್ದರು. ಮೂವರು ಸದಸ್ಯರು ಆಚೆ ಹಾರಿದರು. ಹಾರಿದವರ ಪತ್ರವನ್ನೂ ಸರ್ ಬರೆದರು, ಹಾರಿದವರನ್ನು ತಡೆಯುವುದು ಹೇಗೆಂದು ಇವರಿಗೂ ಸಲಹೆ ಕೊಟ್ಟರು. ಅಧ್ಯಕ್ಷರು ಸೋಲುವ ಮೊದಲೇ ರಾಜೀನಾಮೆ ಕೊಟ್ಟರು. ಮೂರನೆಯವರು ಬಂದ ವಾರ ಮಿರಗದ ಮಳೆ, ಮುಂಗಾರಿನ ಮೊದಲ ಮಳೆ, ಹಿಡಿದಿತ್ತು. ಮತ್ತೆ ಪರಿಶೀಲನೆ, ಮತ್ತೆ ಪಂಚನಾಮೆ. ಕಲ್ಲು ಸರಿಸಿದಾಗ ಬಾಯಿಯಿಂದ ಬಿಸಿ ಉಸಿರಿನಂಥದ್ದು ಎದ್ದಿತು. ಗಂಗವ್ವಕ್ಕ ನೇರ ಸರ್ ಮುಂದೆ ಹೋಗಿ ಕೇಳಿದಳು:

“ಮೂವತ್ತೊಂದು ಮನಿ ದಾರಿ ನೋಡಾಕ ಹತ್ತ್ಯಾವ್ರಿ. ತಗದೇವಿ ಅಂದ ಮ್ಯಾಲ ಇವತ್ತ ಹಂಚಿಬಿಡೂಣ.”

“ಅವಸರ ಬ್ಯಾಡ ತಂಗಿ. ಇನ್ನ ಪೂರಾ ಬಹುಮತ ಸಾಬೀತಾಗಿಲ್ಲ. ಸ್ಥಿರತಾ ಬರಲಿ, ಆಮ್ಯಾಲ ಹಂಚಿಕಿ.”

“ಸ್ಥಿರತಾ ಅಂದ್ರ ಯಾರರಿ? ಎಂದ ಬರತಾಳ?”

ಸರ್ ಎರಡು ಬೆರಳೆತ್ತಿದರು. ಗಂಗವ್ವಕ್ಕ ಕೇಳದೆ ಹೊರಟುಬಂದಳು. ಮಳೆ ಹನಿಯುತ್ತಿತ್ತು. ಹಸಿ ಮಣ್ಣಿನಿಂದಲೇ ಬಾಯಿ ಮುಚ್ಚಿದರು. ಆ ಪಂಚನಾಮೆಯನ್ನೂ ನಾನೇ ಬರೆದೆ. ಈ ಸಲ ಹಿಗ್ಗಿರಲಿಲ್ಲ, ಆದರೂ ಬರೆದೆ. ಸರ್ ಹೇಳಿದ್ದನ್ನು ಬರೆದುಕೊಳ್ಳುವುದು ರೂಢಿಯಾಗಿಬಿಟ್ಟಿತ್ತು.

ಮೂರನೆಯ ಸಲ ತೆರೆದದ್ದು ಆಷಾಢದಲ್ಲಿ. ಕುರ್ಚಿ ಕಳೆದುಕೊಂಡ ಪಾರ್ಟಿಯವರು ಕೋರ್ಟಿಗೆ ಹೋಗಿ ಹೊಸ ಅಧ್ಯಕ್ಷರ ಆಯ್ಕೆಗೆ ತಡೆ ತಂದಿದ್ದರು. ಕೋರ್ಟಿಗೆ ತೋರಿಸಲು ದಾಸ್ತಾನಿನ ಇಂದಿನ ಸ್ಥಿತಿ ಬೇಕೆಂದು ಎರಡೂ ಪಾರ್ಟಿಯವರಿಗೆ ಸರ್ ಸಲಹೆ ಕೊಟ್ಟರು. ಎರಡೂ ಪಾರ್ಟಿಯವರು ಒಮ್ಮತದಿಂದ ಮಾಡಿದ ಕೆಲಸ ಆ ವರ್ಷ ಅದೊಂದೇ. ಕಲ್ಲು ಪೂರ್ತಿ ಸರಿಯುವ ಮೊದಲೇ ವಾಸನೆ ಚಾವಡಿಯ ಒಳಗಿನವರೆಗೆ ಹೋಯಿತು. ಕಂದೀಲು ಇಳಿಸಿದ ತಕ್ಷಣ ಆರಿತು. ಮರುದಿನ ಇಳಿದರೆ ಗೋಡೆಗುಂಟ ಜೋಳ ಕರ್ರಗೆ ಹೆಂಟೆಗಟ್ಟಿತ್ತು. ಹೆಂಗಸರು ಎರಡು ದಿನ ಕೂತು ಕೇರಿ ಆರಿಸಿದೆವು. ನಲವತ್ತೆರಡರಲ್ಲಿ ತಿನ್ನಲು ಬರುವಂಥದ್ದು ಹನ್ನೊಂದು ಚೀಲ.

ಆ ಹನ್ನೊಂದು ಚೀಲಗಳನ್ನು ಚಾವಡಿಯ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಹಂಚಲು ಅಧ್ಯಕ್ಷರ ಸಹಿ ಬೇಕು, ಅಧ್ಯಕ್ಷರು ಯಾರೆಂದು ಕೋರ್ಟು ಹೇಳಬೇಕು. ಕೆಟ್ಟ ಜೋಳವನ್ನು ಚಾವಡಿಯ ಹಿಂದೆ ತಿಪ್ಪೆಗೆ ಸುರಿದರು. ಅದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ.

ಯಲ್ಲವ್ವ ದಿನಾ ಖಾಲಿ ಚೀಲ ಹಿಡಿದು ಬರುತ್ತಿದ್ದಳು. ಆರನೆಯ ದಿನ ಸರ್ ಅಲ್ಲಿದ್ದರು. ಕೋರ್ಟಿನ ವಿಷಯವನ್ನು ಅವಳಿಗೆ ತಿಳಿಯುವ ಹಾಗೆ ಹೇಳಲು ಹೋದರು. ಸಹನೆಯಿಂದಲೇ ಹೇಳಿದರು.

“ಯಾರರೆ ಅಧ್ಯಕ್ಷ ಆಗವಲ್ರ್ಯಾಕ ಸರ” ಎಂದಳು ಯಲ್ಲವ್ವ. “ನನ್ನ ಒಲಿಗೆ ನಾನ ಅಧ್ಯಕ್ಷಿ. ನನ್ನ ಸಹಿ ನಡದ್ರ ಹೇಳ್ರಿ, ಒತ್ತಿಬಿಡತೇನಿ.”

“ನಿನ್ನ ಸಂಕಟ ನನಗ ತಿಳೀತೈತಿ ಯಲ್ಲವ್ವ. ಆದರ ಎಲ್ಲಾ ಕ್ರಮಬದ್ಧ ಆಗಬೇಕು.”

“ತಿಳದಿದ್ರ ಛಲೋ ಆತು” ಎಂದು ಅವಳು ಚೀಲ ಮಡಿಚಿಕೊಂಡು ಹೋದಳು. ಹೋದದ್ದು ಮನೆಗಲ್ಲ. ಚಾವಡಿಯ ಹಿಂದಕ್ಕೆ.

ತಿಪ್ಪೆಯ ಜೋಳವನ್ನು ಅವಳು ಹಳ್ಳದಲ್ಲಿ ಏಳು ನೀರು ತೊಳೆದಳಂತೆ. ಒಣಗಿಸಿ, ಬೀಸಿ, ರೊಟ್ಟಿ ಬಡಿದು ತಿಂದಳು. ಎರಡನೆಯ ದಿನಕ್ಕೆ ವಾಂತಿ ನಿಲ್ಲದಾಯಿತು. ಸವದತ್ತಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಮೊದಲ ದಿನ ಉಳಿಯುವುದು ಕಷ್ಟ ಎಂದಿದ್ದರು. ಸರ್ ಅರ್ಧ ಡಜನ್ ಬಾಳೆಹಣ್ಣು ಹಿಡಿದು ನೋಡಲು ಬಂದರು. ಹಾಸಿಗೆಯ ಪಕ್ಕ ಐದು ನಿಮಿಷ ಕೂತರು. ಆಮೇಲೆ ಕಾರಿಡಾರಿನಲ್ಲಿ ಡಾಕ್ಟರಿಗೆ ಸ್ಥಿರತೆಗೂ ಆಹಾರಕ್ಕೂ ಇರುವ ಸಂಬಂಧವನ್ನು ಅರ್ಧ ಗಂಟೆ ಹೇಳಿದರು. ಡಾಕ್ಟರು ಚಿಕ್ಕವರು, ಕೈಕಟ್ಟಿ ಕೇಳಿದರು. ‘ಖಜಾನೆಯಲ್ಲ, ಕಣಜ’ ಎನ್ನುವಾಗ ಒಳಗೆ ಯಲ್ಲವ್ವ ಕಣ್ಣು ಮುಚ್ಚಿ ಮಲಗಿದ್ದಳು.

ಮರುದಿನವೇ ಗಂಗವ್ವಕ್ಕ ಚಾವಡಿಗೆ ಹೋಗಿ ಪಂಚಾಯಿತಿಯ ಜವಾನನ ಮುಂದೆ ನಿಂತಳು. “ಕೀಲಿ ಕೊಡತಿಯೋ, ನಾ ಬಾಗಲಾ ಕಿತ್ತಲೋ?” ಅವನು, “ಕೀಲಿ ಗ್ವಾಡಿ ಮೊಳಿಗೆ ನೇತು ಹಾಕಿರತೇನಿ, ಚಹಾ ಕುಡದ ಬರತೇನಿ ಅಕ್ಕಾ” ಎಂದು ಹೋದನು. ಮಧ್ಯಾಹ್ನದೊಳಗೆ ಮೂರು ಮನೆಗೊಂದು ಚೀಲದಂತೆ ಹಂಚಿದೆವು. ಮಿಕ್ಕದ್ದನ್ನೆಲ್ಲ ಯಲ್ಲವ್ವನ ಪಾಲಿಗೆ ಸೇರಿಸಿದೆವು. ಸಂಜೆ ಸರ್ ಬಂದು ನನ್ನ ಪುಸ್ತಕ ನೋಡಿ, “ಇದು ಕ್ರಮಬದ್ಧ ಅಲ್ಲ ಅಂತ ಒಂದು ಷರಾ ಬರಿ” ಎಂದರು. ಪೆನ್ನು ಮುಚ್ಚಿ ಕೂತೆ. ಅವರು ಹೇಳಿದ್ದನ್ನು ನಾನು ಬರೆಯದೇ ಇದ್ದದ್ದು ಅದೇ ಮೊದಲು.

ಇಷ್ಟಾದರೂ ಅವರ ಮೇಲೆ ನನಗಿದ್ದದ್ದು ಸಿಟ್ಟು ಮಾತ್ರ. ಸಿಟ್ಟು ಹೋಗಿ ತಿರಸ್ಕಾರವಾದದ್ದು ಆ ವರ್ಷದ ಚಳಿಗಾಲದಲ್ಲಿ, ಬೈಲಹೊಂಗಲದ ಒಂದು ಕಾಲೇಜಿನಲ್ಲಿ. ವಿಚಾರ ಸಂಕಿರಣವೊಂದರಲ್ಲಿ ಸರ್ ಪ್ರಬಂಧ ಓದುವವರಿದ್ದರು. ಅದಕ್ಕೆ ಹದಿನೈದು ದಿನ ಮೊದಲು ನನ್ನ ಪುಸ್ತಕ ಬೇಕೆಂದು ಕೇಳಿ ಒಯ್ದಿದ್ದರು. ತಪ್ಪು ತಿದ್ದಿಕೊಳ್ಳಲು ಒಯ್ಯುತ್ತಿದ್ದಾರೆಂದು ನಾನು ನಂಬಿದ್ದೆ. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅವರು ಎದ್ದುನಿಂತು, ‘ಸವದತ್ತಿ ತಾಲೂಕಿನ ಒಂದು ಗ್ರಾಮದಲ್ಲಿ’ ಎಂದು ಆರಂಭಿಸಿದರು. ನಲವತ್ತೆರಡು ಚೀಲ, ಒಂದೇ ಹಂಗಾಮಿನಲ್ಲಿ ಮೂವರು ಅಧ್ಯಕ್ಷರು, ಮೂರು ಸಲ ತೆರೆದ ಹಗೇವು, ಉಳಿದ ಹನ್ನೊಂದು ಚೀಲ, ಆಸ್ಪತ್ರೆ ಸೇರಿದ ಒಬ್ಬ ಕೂಲಿ ಹೆಣ್ಣುಮಗಳು. ಒಂದು ಅಂಕಿಯೂ ತಪ್ಪಿರಲಿಲ್ಲ. ಯಾರು ತೆರೆಸಿದರು ಎಂಬುದು ಮಾತ್ರ ಹನ್ನೆರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಗ್ರಾಮೀಣರಲ್ಲಿ ರಾಜಕೀಯ ಪ್ರಜ್ಞೆಯ ಕೊರತೆ ಎಂದು ಕಾರಣ ಕೊಟ್ಟರು. ಯಲ್ಲವ್ವ ಏಳು ನೀರು ತೊಳೆದದ್ದನ್ನು ಹೇಳುವಾಗ ಅವರು ಕನ್ನಡಕ ತೆಗೆದು ನಿಜವಾಗಿ ಕಣ್ಣೊರೆಸಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಸೀಟು ಸಿಕ್ಕಿತು. ಮುನವಳ್ಳಿ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಕೇಳಿದೆ:

“ಸರ್, ಮೂರೂ ಸಲ ತಗಸ್ರಿ ಅಂತ ಹೇಳಿದ್ದು ನೀವಲ್ರಿ?”

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತರಗತಿಯಲ್ಲಿ ಸುಲಭದ ಪ್ರಶ್ನೆ ಕೇಳಿದವರನ್ನು ನೋಡುವ ಹಾಗೆ ಕರುಣೆಯಿಂದ ನೋಡಿದರು.

“ನಾ ಸಲಹಾ ಕೊಟ್ಟೆ. ನಿರ್ಣಯ ಅವರದು. ಅದ ಪ್ರಜಾಪ್ರಭುತ್ವ.” ಪ್ರಬಂಧದ ಪುಟಗಳನ್ನು ಸರಿಮಾಡಿಕೊಳ್ಳುತ್ತ, “ನೀ ಅಂಕಿಸಂಖ್ಯಾ ಭಾಳ ಛಲೋ ಇಟ್ಟೀ. ಹಿಂಗ ಮುಂದುವರ್ಸು” ಎಂದರು.

ಕಳ್ಳನಿಗೆ ತಾನು ಕಳ್ಳ ಎಂಬುದು ಗೊತ್ತಿರುತ್ತದೆ. ಇವರಿಗೆ ಎಲ್ಲವೂ ಗೊತ್ತಿತ್ತು, ತಮ್ಮನ್ನೊಂದು ಬಿಟ್ಟು. ಊರು ಹಸಿಯುವುದು ಯಾಕೆಂದು ನಮಗೆಲ್ಲ ಕಲಿಸಿದವರು ಇವರೇ. ರೋಗದ ಹೆಸರು, ಲಕ್ಷಣ, ಮದ್ದು ಎಲ್ಲ ಬಾಯಿಪಾಠ ಮಾಡಿಕೊಂಡು ಮನೆಮನೆಗೆ ಆ ರೋಗವನ್ನೇ ಅಂಟಿಸುತ್ತ ತಿರುಗುವ ವೈದ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಮುಂದಿನ ಸುಗ್ಗಿಯಲ್ಲಿ ಗಂಗವ್ವಕ್ಕ ಚಾವಡಿಯ ಕಡೆ ತಿರುಗಿಯೂ ನೋಡಲಿಲ್ಲ. ಬೇರೆ ಹಗೇವು ತೋಡಿಸಿದಳು. ಎಲ್ಲಿ ಎಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಯಾರದೋ ಸ್ವಂತ ಜಾಗ, ಮೇಲೆ ದನ ಕಟ್ಟುತ್ತಾರೆ ಎಂದಷ್ಟೇ ಹೇಳಬಹುದು. ಅಧ್ಯಕ್ಷರಿಲ್ಲ, ನಿರ್ಣಯವಿಲ್ಲ, ಪಂಚನಾಮೆಯಿಲ್ಲ. ಮೌಲಾಸಾಬರು ಹೇಳಿದ ದಿನ ತುಂಬುವುದು, ಹೇಳಿದ ದಿನ ತೆರೆಯುವುದು. ಮನೆಮನೆಯಿಂದ ಜೋಳ ಬಂತು. ಸರ್ ಮನೆಯಿಂದ ಪ್ರತಿವರ್ಷದಂತೆ ಎರಡು ಚೀಲ ಬಂದವು. ಇಳಿಸಿಕೊಳ್ಳುವುದೋ ಬೇಡವೋ ಎಂದು ನಾನು ಗಂಗವ್ವಕ್ಕನ ಮುಖ ನೋಡಿದೆ. “ಜ್ವಾಳ ತಗೋರಿ, ಸುದ್ದಿ ಕೊಡಬ್ಯಾಡ್ರಿ” ಎಂದಳು.

ಇಡೀ ಊರು ಆ ಮಾತನ್ನು ಪಾಲಿಸಿತು. ಬೀಗರ ಮನೆಯ ಗುಟ್ಟನ್ನು ಬಸ್‌ಸ್ಟ್ಯಾಂಡಿನಲ್ಲಿ ಹೇಳುವ ನಮ್ಮೂರ ಮಂದಿ, ಎರಡೂ ಪಾರ್ಟಿಯವರು, ಈ ಒಂದು ವಿಷಯದಲ್ಲಿ ಬಾಯಿ ಬಿಡಲಿಲ್ಲ. ಸರ್ ಕೇಳುತ್ತಲೇ ಇದ್ದರು. ನನ್ನನ್ನೇ ಒಂಬತ್ತು ಸಲ ಕೇಳಿದರು. ಒಬ್ಬರು, “ಕಿತ್ತೂರಾಗ ತೋಡ್ಯಾರಂತ್ರಿ ಸರ” ಎಂದರು. ಇನ್ನೊಬ್ಬರು, “ನೇಸರಗಿಗೆ ಬಾಡಗಿ ಕೊಟ್ಟಾರಂತ” ಎಂದರು. ಆ ಹೊತ್ತಿಗೆ ಅವರ ಕಟ್ಟೆಯ ಕೆಳಗೆ ಚಪ್ಪಲಿಗಳು ಕಡಿಮೆಯಾಗಿದ್ದವು. ಸಲಹೆ ಕೇಳುವವರು ಇದ್ದರು, ಆದರೆ ಊಟದ ವಿಷಯ ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ.

ನಾವು ಆಯಿ ಎಂದು ಕರೆಯುತ್ತಿದ್ದ ಅವರ ಹೆಂಡತಿಗೆ ಅದು ಎಲ್ಲಿದೆ ಎಂದು ಗೊತ್ತಿತ್ತು. ತೆರೆದ ದಿನ ಊರ ಪ್ರತಿ ಮನೆಗೂ ಒಂದೊಂದು ಸೇರು ಕೊಡುವುದು ಗಂಗವ್ವಕ್ಕ ಮಾಡಿದ ಪದ್ಧತಿ. ನಾನು ಅವರ ಪಾಲು ಹಿಡಿದು ಹಿತ್ತಿಲ ಬಾಗಿಲಿಗೆ ಹೋದರೆ, ಆಯಿ ಸೆರಗಿನಿಂದ ಕೈ ಒರೆಸುತ್ತ ಬಂದು ಮೆಲ್ಲಗೆ ಹೇಳಿದರು: “ಬ್ಯಾಡವಾ. ಹಗೇವಿನ ಜ್ವಾಳದ ರೊಟ್ಟಿಗೆ ಬ್ಯಾರೇ ವಾಸ್ನಿ. ತಾಟಿಗೆ ಹಾಕಿದ ಕೂಡಲೆ ಕೇಳತಾರ. ನಮ್ಮ ಪಾಲು ಯಲ್ಲವ್ವಗ ಕೊಡು.”

ಅದಾಗಿ ಮೂರನೆಯ ದಿನ, ಶ್ರಾವಣದ ಒಂದು ಮಧ್ಯಾಹ್ನ, ಸರ್ ನಮ್ಮ ಮನೆಗೆ ಬಂದರು. ಆಯಿ ತವರಿಗೆ ಹೋಗಿದ್ದರು. ಸರ್ ಸೊರಗಿದ್ದರು, ಕೋಲು ಬಂದಿತ್ತು. ಊಟದ ಹೊತ್ತು. ಉಂಡು ಹೋಗಿರಿ ಎಂದು ಅವ್ವ ತಾಟು ಹಾಕಿಬಿಟ್ಟಳು. ನಾನು ಕಣ್ಣಿನಿಂದ ಬೇಡವೆಂದದ್ದು ಅವಳಿಗೆ ಕಾಣಿಸಲಿಲ್ಲ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ.

ಸರ್ ರೊಟ್ಟಿ ಮುರಿದರು. ಬಾಯಿಗೆ ಒಯ್ದ ತುತ್ತು ಮೂಗಿನ ಹತ್ತಿರ ನಿಂತಿತು. ನನ್ನನ್ನು ನೋಡಿದರು. ನಾನು ಗೋಡೆ ನೋಡಿ, ಹತ್ತನೆಯ ಸಲ ಹೇಳಬೇಕಾದ ಸುಳ್ಳನ್ನು ಹೊಂದಿಸಿಕೊಳ್ಳತೊಡಗಿದೆ. ಎಲ್ಲಿಯದು ಎಂದು ಅವರು ಕೇಳಲಿಲ್ಲ. ತುತ್ತನ್ನು ನಿಧಾನವಾಗಿ ಅಗಿದು ನುಂಗಿ, ಕೇಳಿದರು:

“ಈಗ ಇದಕ್ಕ ಅಧ್ಯಕ್ಷರು ಯಾರು?”

“ಯಾರೂ ಇಲ್ರಿ ಸರ್.”

“ಯಾರೂ ಇಲ್ಲ?” ಅವರ ಬಲಗೈಯ ಎರಡು ಬೆರಳು ಚಟ್ನಿ ಸಮೇತ ಮೇಲೆದ್ದವು. “ಅದು ಸರಿ ಅಲ್ಲ. ಒಂದು ಸಮಿತಿ ಬೇಕಾಕ್ಕೈತಿ. ನಾ ಒಂದು ಕರಡು...”

“ಉಣ್ರಿ ಸರ, ಆರತೈತಿ” ಎಂದು ಅವ್ವ ಒಲೆಯ ಮೇಲಿನ ರೊಟ್ಟಿ ತಂದು ಅವರ ತಾಟಿಗೆ ಹಾಕಿದಳು.

ಸರ್ ಬೆರಳು ಇಳಿಸಿ ಉಂಡರು. ಅವರು ತಿಂದದ್ದು ಮೂರು ರೊಟ್ಟಿ. ಆ ವರ್ಷ ಹಗೇವು ತೆರೆದದ್ದು ಒಂದೇ ಸಲ.